ಲಿಫ್ಟ್ ಹತ್ತುವುದೂ ದೇವರನ್ನು ನಂಬುವುದೂ ಒಂದೇನಾ?

ಅರ್ಧಚಂದ್ರ
ಒಂದೇ ವಾದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ನಮ್ಮ ಸಂಬಂಧಿಕರೊಬ್ಬರಿದ್ದಾರೆ. ಒಳ್ಳೆಯವರು, ಓದಿಕೊಂಡವರು. ದೇವರ ವಿಷಯ ಬಂದಾಗ ನಾನು "ಪುರಾವೆ ಏನು?" ಅಂದರೆ ಸಾಕು, ಶುರು ಮಾಡುತ್ತಾರೆ. "ಲಿಫ್ಟ್ ಹತ್ತುತ್ತೀಯಲ್ಲ, ಹಗ್ಗ ನೋಡಿದ್ದೀಯಾ? ವಿಮಾನ ಹತ್ತುತ್ತೀಯಲ್ಲ, ಪೈಲಟ್ ಲೈಸೆನ್ಸ್ ಕೇಳಿದ್ದೀಯಾ? ಡಾಕ್ಟರ್ ಕೊಟ್ಟ ಮಾತ್ರೆ ನುಂಗುತ್ತೀಯಲ್ಲ, ಒಳಗೇನಿದೆ ಅಂತ ಪರೀಕ್ಷೆ ಮಾಡಿಸಿದ್ದೀಯಾ? ನೀನೂ ಪುರಾವೆ ಇಲ್ಲದೆ ನಂಬಿಕೊಂಡೇ ಬದುಕಿದ್ದೀಯ. ನಾನು ಒಂದನ್ನು ಜಾಸ್ತಿ ನಂಬುತ್ತೇನೆ, ಅಷ್ಟೇ."

ಇದರಲ್ಲಿ ಎಲ್ಲೋ ಕೈಚಳಕ ಇದೆ ಅನಿಸುತ್ತದೆ. ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ನಾನು ಹಗ್ಗ ನೋಡಿಲ್ಲ ಅನ್ನೋದಂತೂ ನಿಜ ಅಲ್ವಾ? ದೇವರು ಇದ್ದಾನಾ ಇಲ್ವಾ ಅನ್ನುವ ಜಗಳ ಬೇಡ, ದಯವಿಟ್ಟು. ಈ ಒಂದು ವಾದದ ಬಗ್ಗೆ ಮಾತ್ರ ಹೇಳಿ.

ಸುಮ್ನೆಬಂದೆ
"ದೇವರ ಜಗಳ ಬೇಡ" ಅಂತ ಶುರುವಾದ ಯಾವ ಚರ್ಚೆಯೂ ಹಾಗೆ ಮುಗಿದಿಲ್ಲ. ಚಾಪೆ ಹಾಸಿಕೊಂಡು ಕೂತಿದ್ದೇನೆ.

ಮೂರನೇಬೆಂಚು
ಉತ್ತರ ಸುಲಭ. ನೀವು ಹಗ್ಗ ನೋಡಿಲ್ಲ. ಆದರೆ ಲಿಫ್ಟ್ ಹತ್ತಿ ನೆಟ್ಟಗೆ ಇಳಿದವರನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೀರಿ. ಅದೂ ಪುರಾವೆಯೇ. ಪುರಾವೆ ಅಂದರೆ ಗಣಿತದ ಪ್ರಮೇಯದ ಥರ ನೂರಕ್ಕೆ ನೂರು ಖಾತ್ರಿ ಆಗಬೇಕು ಅಂತ ಯಾರು ಹೇಳಿದ್ದು? ಪುರಾವೆ ಎಷ್ಟಿದೆಯೋ ಅಷ್ಟಕ್ಕೆ ತಕ್ಕಷ್ಟು ನಂಬುವವನೇ ಜಾಣ ಅಂತ 1748ರಲ್ಲೇ ತತ್ವಜ್ಞಾನಿ ಡೇವಿಡ್ ಹ್ಯೂಮ್ ಹೇಳಿದ್ದಾನೆ. ನಿಮ್ಮ ಸಂಬಂಧಿಕರು "ಪೂರ್ತಿ ಖಾತ್ರಿ ಇಲ್ಲ" ಅನ್ನುವುದನ್ನು "ಪುರಾವೆಯೇ ಇಲ್ಲ" ಅಂತ ಮಾಡಿದ್ದಾರೆ. ಕೈಚಳಕ ಅಲ್ಲಿದೆ.

ಕಪ್ಪುಹಲಗೆ
ಹ್ಯೂಮ್ ಹೆಸರು ಎತ್ತಿದ ಮೇಲೆ ಅರ್ಧಕ್ಕೆ ನಿಲ್ಲಿಸಬೇಡಿ. ಇದುವರೆಗೆ ಹೀಗಾಗಿದೆ, ಮುಂದೆಯೂ ಹೀಗೇ ಆಗುತ್ತದೆ ಅನ್ನುವುದಕ್ಕೆ ತರ್ಕದ ಆಧಾರವೇ ಸಿಗುವುದಿಲ್ಲ ಅಂತ ತೋರಿಸಿದವನೂ ಅವನೇ. ನಾಳೆ ಸೂರ್ಯ ಹುಟ್ಟುತ್ತಾನೆ ಅಂತ ನಂಬುವುದು ಅಭ್ಯಾಸಬಲ. "ಹಿಂದೆಲ್ಲ ಈ ಲೆಕ್ಕ ಸರಿ ಬಂದಿದೆಯಲ್ಲ" ಅಂದರೆ ಅದೂ ಹಿಂದಿನದನ್ನೇ ನೆಚ್ಚಿಕೊಂಡ ಹಾಗಾಯಿತು. ಸುತ್ತಿ ಸುತ್ತಿ ಅಲ್ಲಿಗೇ ಬಂದಿರಿ.

1912ರಲ್ಲಿ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇದಕ್ಕೊಂದು ಕೋಳಿಯ ಉದಾಹರಣೆ ಕೊಟ್ಟ. ದಿನಾ ಕಾಳು ಹಾಕುತ್ತಿದ್ದ ಕೈಯೇ ಕೊನೆಗೊಂದು ದಿನ ಕತ್ತು ಮುರಿಯುತ್ತದೆ. ಆ ಕೋಳಿಯ ಹತ್ತಿರ ಪುರಾವೆ ಕಮ್ಮಿ ಇತ್ತಾ?

ಮೂರನೇಬೆಂಚು
ಕಾಳು ಯಾಕೆ ಹಾಕುತ್ತಿದ್ದಾರೆ ಅಂತ ಕೋಳಿಗೆ ಗೊತ್ತಿರಲಿಲ್ಲ. ಲಿಫ್ಟ್ ಯಾಕೆ ಬೀಳಲ್ಲ ಅಂತ ನನಗೆ ಗೊತ್ತು. ವ್ಯತ್ಯಾಸ ಇಲ್ವಾ?

ಕಪ್ಪುಹಲಗೆ
ಹೇಳಿ ನೋಡೋಣ, ಯಾಕೆ ಬೀಳಲ್ಲ?

ಮೂರನೇಬೆಂಚು
ಏನೋ ಬ್ರೇಕ್ ಇರುತ್ತೆ.

ಸುಮ್ನೆಬಂದೆ
"ಏನೋ ಬ್ರೇಕ್ ಇರುತ್ತೆ." ಇದಕ್ಕಿಂತ ಅಪ್ಪಟ ಭಕ್ತಿ ಎಲ್ಲಿ ಸಿಗುತ್ತೆ ಸ್ವಾಮಿ!

ರಾಟೆಹಗ್ಗ
ಲಿಫ್ಟ್ ರಿಪೇರಿ ನನ್ನ ಹೊಟ್ಟೆಪಾಡು. ಅದಕ್ಕೇ ಬಾಯಿ ಹಾಕುತ್ತಿದ್ದೇನೆ.

ಹಗ್ಗ ಒಂದೇ ಇರಲ್ಲ. ಉಕ್ಕಿನ ಹಗ್ಗಗಳು ಹಲವಿರುತ್ತವೆ. ಒಂದು ತುಂಡಾದರೆ ಉಳಿದವು ಭಾರ ಹೊರುವ ಹಾಗೆ ಲೆಕ್ಕ ಹಾಕಿರುತ್ತಾರೆ. ಸರಿ, ಎಲ್ಲವೂ ತುಂಡಾದವು ಅಂತಲೇ ಇಟ್ಟುಕೊಳ್ಳಿ. ಕ್ಯಾಬಿನ್ ಮಿತಿ ಮೀರಿದ ವೇಗದಲ್ಲಿ ಇಳಿದರೆ ಗವರ್ನರ್ ಅನ್ನುವ ಚಕ್ರಕ್ಕೆ ಅದು ಗೊತ್ತಾಗುತ್ತದೆ. ಆಗ ಕ್ಯಾಬಿನ್‌ನ ಬೆಣೆಗಳು ಎರಡೂ ಪಕ್ಕದ ಕಂಬಿಯನ್ನು ಕಚ್ಚಿ ಹಿಡಿಯುತ್ತವೆ. ಮೋಟರಿನ ಬ್ರೇಕ್‌ಗೆ ಕರೆಂಟ್ ಬೇಕಿರುವುದು ಬಿಡಿಸುವುದಕ್ಕೆ, ಹಿಡಿಯುವುದಕ್ಕಲ್ಲ. ಕರೆಂಟ್ ಹೋದರೆ ಸ್ಪ್ರಿಂಗ್ ತಾನೇ ಒತ್ತಿ ಹಿಡಿಯುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇದನ್ನು ಕಟ್ಟಿದವರು ಏನನ್ನೂ ನಂಬಿಲ್ಲ. ಹಗ್ಗ ನಂಬಿಲ್ಲ, ಬ್ರೇಕ್ ನಂಬಿಲ್ಲ, ಕರೆಂಟ್ ನಂಬಿಲ್ಲ. ಎಲ್ಲವೂ ಒಂದಲ್ಲ ಒಂದು ದಿನ ಕೈ ಕೊಡುತ್ತದೆ ಅಂತಲೇ ಕಟ್ಟಿದ್ದಾರೆ. 1854ರಲ್ಲಿ ಎಲಿಶಾ ಓಟಿಸ್ ನ್ಯೂಯಾರ್ಕಿನ ಒಂದು ವಸ್ತುಪ್ರದರ್ಶನದಲ್ಲಿ ಲಿಫ್ಟಿನ ಮೇಲೆ ತಾನೇ ನಿಂತು ಹಗ್ಗ ಕಡಿಸಿದ. ಲಿಫ್ಟ್ ಸ್ವಲ್ಪ ಜಾರಿ ಗಕ್ಕನೆ ನಿಂತಿತು. ನನ್ನನ್ನು ನಂಬಿ ಅಂತ ಅವನು ಕೇಳಲಿಲ್ಲ. ಕಡಿದು ತೋರಿಸಿದ.

ನೀವು ಹಗ್ಗ ನೋಡದೆ ಹತ್ತಬಹುದು. ನಾನು ನೋಡದೆ ಸಹಿ ಹಾಕುವಂತಿಲ್ಲ. ಒಂದೊಂದು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದಿದೆಯಾ, ತುಕ್ಕಿನ ಪುಡಿ ಬಿದ್ದಿದೆಯಾ, ಹಗ್ಗ ಸವೆದು ಸಣ್ಣಗಾಗಿದೆಯಾ ಅಂತ ನೋಡುವುದೇ ಕೆಲಸ.

ಗುಬ್ಬಚ್ಚಿ
ನೀವು ಸರಿಯಾಗಿ ನೋಡುತ್ತೀರಿ ಅಂತ ನಾವು ಹೇಗೆ ನಂಬೋದು? 😄

ರಾಟೆಹಗ್ಗ
ನನ್ನನ್ನೂ ನಂಬಬೇಡಿ. ನನ್ನ ಕೆಲಸ ಚೆಕ್ ಮಾಡಲು ಇನ್ಸ್‌ಪೆಕ್ಟರ್ ಬರುತ್ತಾನೆ. ಅವನಿಗೂ ನನಗೂ ಅಷ್ಟಕ್ಕಷ್ಟೇ. ನಿಮ್ಮ ಪುಣ್ಯ.

ಅರ್ಧಚಂದ್ರ
ಇದು ಚೆನ್ನಾಗಿದೆ. ನಾನು ನೋಡಬೇಕಾಗಿಲ್ಲ, ನೋಡುವವರಿದ್ದಾರೆ. ಆದರೆ ಅವರು ಇಲ್ಲಿಗೇ ಬಿಡಲ್ಲ. "ನೋಡುವವರು ನೋಡಿದ್ದಾರೆ ಅಂತ ನೀನು ನಂಬಿದ್ದೀಯ. ನನಗೂ ನೋಡಿದವರಿದ್ದಾರೆ, ಋಷಿಗಳು" ಅನ್ನುತ್ತಾರೆ. ಬರೆದು ಕೊಡುತ್ತೇನೆ.

ಹಳೆಓಲೆ
ನಿಮ್ಮ ಸಂಬಂಧಿಕರ ವಾದ ಬಹಳ ಹಳೆಯದು. ನಮ್ಮ ಹಳೇ ತರ್ಕಶಾಸ್ತ್ರದ ಪಂಥವಾದ ನ್ಯಾಯ ದರ್ಶನದವರು ಇದನ್ನು ಇನ್ನೂ ಚೆನ್ನಾಗಿ ಮಾಡಿದ್ದಾರೆ.

ಅವರ ಪ್ರಕಾರ ತಿಳಿಯುವ ದಾರಿ ನಾಲ್ಕು: ಪ್ರತ್ಯಕ್ಷ, ಅನುಮಾನ (ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ಊಹಿಸುವುದು), ಉಪಮಾನ (ಹೋಲಿಕೆ), ಶಬ್ದ. ಕೊನೆಯದು ಆಪ್ತನ ಮಾತು. ವಿಷಯ ಖುದ್ದಾಗಿ ಗೊತ್ತಿರಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನಸ್ಸಿರಬೇಕು, ಅಂಥವನೇ ಆಪ್ತ. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಈ ಲಕ್ಷಣ ಎಲ್ಲರಿಗೂ ಒಂದೇ ಅಂತ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಸ್ಪಷ್ಟವಾಗಿ ಬರೆದಿದ್ದಾನೆ. ಹೇಳಿದವನು ಯಾರ ಮಗ ಅಂತ ನೋಡಬೇಡಿ. ಅವನಿಗೆ ಗೊತ್ತಿದೆಯಾ, ಸುಳ್ಳು ಹೇಳಲು ಕಾರಣ ಇದೆಯಾ, ಅದನ್ನು ನೋಡಿ.

ಈ ಲೆಕ್ಕದಲ್ಲಿ ಬೇರೆಯವರ ಮಾತು ನಂಬುವುದು ಪುರಾವೆ ಇಲ್ಲದ ನಂಬಿಕೆ ಆಗುವುದೇ ಇಲ್ಲ. ಮಾತೇ ಪುರಾವೆ. ನಿಮ್ಮ ಹುಟ್ಟಿದ ದಿನ ನಿಮಗೆ ಹೇಗೆ ಗೊತ್ತು ಹೇಳಿ? ಸ್ಥಳದಲ್ಲಿ ನೀವಿದ್ದಿರಿ, ಸರಿ. ಕ್ಯಾಲೆಂಡರ್ ನೋಡುವ ಸ್ಥಿತಿಯಲ್ಲಿ ಇರಲಿಲ್ಲ.

ಮುಂದಿನ ಹೆಜ್ಜೆಯೇ ನಿಮಗೆ ಬೇಕಾದದ್ದು. ವೇದವನ್ನು ಯಾಕೆ ನಂಬಬೇಕು? ಅವರ ಉತ್ತರ: ಆಯುರ್ವೇದದ ಮಾತು ಮಾಡಿ ನೋಡಿದರೆ ಫಲ ಕೊಡುತ್ತದೆ. ಅದನ್ನು ಹೇಳಿದವರು ಆಪ್ತರು ಅಂತ ಅದರಿಂದ ಗೊತ್ತಾಯಿತು. ವೇದ ಹೇಳಿದವರೂ ಅವರೇ, ಆದ್ದರಿಂದ ಕಣ್ಣಿಗೆ ಕಾಣದ ವಿಷಯದಲ್ಲೂ ಅವರ ಮಾತು ನಂಬಬಹುದು. ಪರೀಕ್ಷೆಗೆ ಸಿಗುವ ಕಡೆ ಗಳಿಸಿದ ನಂಬಿಕೆಯನ್ನು ಪರೀಕ್ಷೆಗೆ ಸಿಗದ ಕಡೆಗೆ ದಾಟಿಸುತ್ತಾರೆ. ಜಗಳ ಮಾಡುವುದಾದರೆ ಆ ದಾಟಿನ ಬಗ್ಗೆ ಮಾಡಿ. ಹಗ್ಗದ ಬಗ್ಗೆ ಅಲ್ಲ.

ಮೂರನೇಬೆಂಚು
ಹೌದಲ್ಲ! ಕಣ್ಣಿನ ಆಪರೇಷನ್ ಚೆನ್ನಾಗಿ ಮಾಡುತ್ತಾರೆ ಅಂತ ಅದೇ ಡಾಕ್ಟರ್ ಹೇಳಿದ ಶೇರು ಕೊಂಡ ಹಾಗೆ.

ಕಪ್ಪುಹಲಗೆ
ಚಾರ್ವಾಕರು ಈ ನಾಲ್ಕರಲ್ಲಿ ಮೂರನ್ನು ಕಿತ್ತೆಸೆದು ಪ್ರತ್ಯಕ್ಷ ಒಂದೇ ಸಾಕು ಅಂದರು. ಬೌದ್ಧರಲ್ಲಿ ದಿಙ್ನಾಗ ಪ್ರತ್ಯಕ್ಷ, ಅನುಮಾನ ಎರಡನ್ನೇ ಇಟ್ಟುಕೊಂಡ. ನ್ಯಾಯದವರು ಹೇಳಿದ್ದೇ ಕೊನೆಯ ಮಾತಲ್ಲ. ನನ್ನ ಕೋಳಿಗೆ ಇನ್ನೂ ಉತ್ತರ ಬಂದಿಲ್ಲ.

ಹಳೆಓಲೆ
ನಿಮ್ಮ ಕೋಳಿಗೆ ನ್ಯಾಯದವನೇ ಆದ ಉದಯನ ಉತ್ತರ ಕೊಟ್ಟಿದ್ದಾನೆ. ಸಂಶಯಕ್ಕೂ ಒಂದು ಗಡಿ ಇದೆ, ನಿನ್ನ ನಡೆಗೇ ಅದು ಅಡ್ಡ ಬರುವಲ್ಲಿ ನಿಲ್ಲುತ್ತದೆ ಅಂದ. ಅವನ ನಂತರ ಬಂದ ಅದೇ ಪಂಥದ ಗಂಗೇಶ ಬಿಡಿಸಿ ಹೇಳಿದ: ಬೆಂಕಿಗೂ ಹೊಗೆಗೂ ಸಂಬಂಧ ಇದೆಯೋ ಇಲ್ಲವೋ ಅನ್ನುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಯಾಕೆ ಹುಡುಕಿಕೊಂಡು ಹೋಗುತ್ತಾನೆ? ಬಾಯಲ್ಲಿ ಸಂಶಯ, ಕಾಲಿನಲ್ಲಿ ನಂಬಿಕೆ. ಅಂಥ ಸಂಶಯಕ್ಕೆ ಉತ್ತರ ಕೊಡಬೇಕಾಗಿಲ್ಲ.

ಅದ್ವೈತದ ಶ್ರೀಹರ್ಷ ಉದಯನನ ಶ್ಲೋಕದ ಒಂದೆರಡು ಪದ ಬದಲಿಸಿ ಅದನ್ನೇ ಅವನಿಗೆ ತಿರುಗಿಸಿ ಹೊಡೆದ. ಅಡ್ಡ ಬರುತ್ತದೆ ಅಂದರೆ ಸಂಶಯ ಇದೆ ಅಂತಲೇ ಆಯಿತಲ್ಲ ಅಂತ. ಅದು ಬೇರೆ ಕಥೆ.

ಕಪ್ಪುಹಲಗೆ
ನಾನೂ ಅದನ್ನೇ ಹೇಳುತ್ತಿರೋದು. ಕಾಲು ನಂಬುತ್ತದೆ. ಬಾಯಿಗೆ ಆಧಾರ ಸಿಕ್ಕಿಲ್ಲ. ಅರ್ಧಚಂದ್ರ ಅವರ ಸಂಬಂಧಿಕರಿಗೆ ಅರ್ಧ ಮಾರ್ಕ್ಸ್ ಕೊಡಿ.

ಮೂರನೇಬೆಂಚು
ಕೊಟ್ಟೆ ಅಂತ ಇಟ್ಟುಕೊಳ್ಳಿ. ನಾಳೆಯೂ ಜಗತ್ತು ಹೀಗೇ ನಡೆಯುತ್ತದೆ ಅನ್ನುವ ಒಂದು ನಂಬಿಕೆ ಎಲ್ಲರಿಗೂ ಬೇಕು. ಭಕ್ತನಿಗೂ ಬೇಕು, ನನಗೂ ಬೇಕು. ಇಬ್ಬರಿಗೂ ಸಮ ಇರುವುದನ್ನು ಕಳೆದರೆ ಮಿಕ್ಕಿದ್ದರಲ್ಲಿ ವ್ಯತ್ಯಾಸ ಹಾಗೇ ಇರುತ್ತದಲ್ಲ! ನಿಮಗೆ ಒಂದು ನಂಬಿಕೆ ಇದೆ ಅಂತ ಹೇಳಿ ಯಾವ ನಂಬಿಕೆ ಬೇಕಾದರೂ ತಲೆಗೆ ಕಟ್ಟಬಹುದಾ?

ದೀಪದಕೆಳಗೆ
ನಾನು ದೇವರನ್ನು ನಂಬುವವಳು. ಈ ಲಿಫ್ಟ್ ವಾದ ನನಗೆ ಹಿಡಿಸುವುದಿಲ್ಲ. ಗೆದ್ದರೂ ಸೋತ ಹಾಗೆ. ನನ್ನ ನಂಬಿಕೆ ಲಿಫ್ಟಿನ ಥರ ಅಂದುಬಿಟ್ಟರೆ ಇನ್ಸ್‌ಪೆಕ್ಟರ್‌ನನ್ನು ಕರೆಸಬೇಕು, ಕೆಟ್ಟಾಗ ಬೋರ್ಡ್ ತೂಗುಹಾಕಬೇಕು. ನಾನು ಹಾಗೆ ನಂಬಿಲ್ಲ.

ಪುರಾವೆ ಸಾಲದು ಅಂತ ಗೊತ್ತಿದ್ದೂ ಹೆಜ್ಜೆ ಇಡುವುದೇ ನಂಬಿಕೆ ಅಂತ ಡೆನ್ಮಾರ್ಕಿನ ತತ್ವಜ್ಞಾನಿ ಕೀರ್ಕೆಗಾರ್ಡ್ ತಿಳಿದಿದ್ದ. ಅವನ ಪಾಲಿಗೆ ಅದು ಬಹಳ ಕಷ್ಟದ ಕೆಲಸ. ಅದನ್ನು ಹೋಗಿ ಲಿಫ್ಟ್ ಗುಂಡಿ ಒತ್ತಿದಷ್ಟು ಸಲೀಸು ಮಾಡಿದ್ದಾರೆ. ನಾಸ್ತಿಕರಿಗಿಂತ ಮೊದಲು ಭಕ್ತರು ಇದಕ್ಕೆ ಸಿಟ್ಟಾಗಬೇಕು.

ಸುಮ್ನೆಬಂದೆ
ಚಾಪೆ ಮಡಚುತ್ತಿದ್ದೇನೆ. ಇಲ್ಲಿ ಭಕ್ತರೇ ನಾಸ್ತಿಕರ ಪರ ವಾದ ಮಾಡುತ್ತಿದ್ದಾರೆ.

ಸೆಮಿಕೋಲನ್
ನನಗೆ ಸರಳ ಪರೀಕ್ಷೆ ಒಂದಿದೆ. ಯಾವುದನ್ನೇ ನಂಬಿ. "ಏನಾದರೆ ಇದನ್ನು ನಂಬುವುದು ಬಿಡುತ್ತೀಯ?" ಅಂತ ಕೇಳಿಕೊಳ್ಳಿ. ಲಿಫ್ಟ್ ಒಮ್ಮೆ ಕುಲುಕಾಡಿದರೆ ನಾಳೆಯಿಂದ ಮೆಟ್ಟಿಲು. ಪೈಲಟ್ ತೂರಾಡುತ್ತಾ ಬಂದರೆ ಟಿಕೆಟ್ ವಾಪಸ್. ದಿನನಿತ್ಯದ ನಂಬಿಕೆಗೆ ಹಿಂದಕ್ಕೆ ಹೋಗುವ ಬಾಗಿಲು ಯಾವಾಗಲೂ ತೆರೆದಿರುತ್ತದೆ.

ದೀಪದಕೆಳಗೆ
ಆ ಬಾಗಿಲು ನಮಗೂ ಇದೆ. ಎಷ್ಟೋ ಜನ ಒಂದು ಸಾವಿನ ಮನೆಯಿಂದ ಎದ್ದು ಬಂದವರು ಮತ್ತೆ ಕೈ ಮುಗಿಯಲಿಲ್ಲ. ನಮ್ಮವರಲ್ಲೂ ಇದ್ದಾರೆ. ಅವರು ತರ್ಕ ಮಾಡಿ ಬಿಟ್ಟದ್ದಲ್ಲ, ನಂಬಿಕೆ ಮುರಿಯಿತು. ಇನ್ನು ದಿನನಿತ್ಯದ ನಂಬಿಕೆಗೆ ಬಾಗಿಲು ತೆರೆದೇ ಇರುತ್ತದೆ ಅಂತೀರಲ್ಲ, ಮಗ ಕಳ್ಳತನ ಮಾಡಿದ ಅಂತ ಊರೇ ಹೇಳಿದರೂ ಒಪ್ಪದ ತಾಯಿಯನ್ನು ನೀವು ನೋಡಿಲ್ವಾ?

ಉಪ್ಪುನೀರು
ಹೂಡಿಕೆಯ ಹೆಸರಿನಲ್ಲಿ ಭಾರಿ ಮೋಸ ಮಾಡಿದ ಅಮೆರಿಕದ ಮೇಡಾಫ್‌ನ ಗಿರಾಕಿಗಳನ್ನೂ ಸೇರಿಸಿ. ಅವನು ತೋರಿಸುವ ಲಾಭ ಲೆಕ್ಕಕ್ಕೆ ಸಾಧ್ಯವೇ ಇಲ್ಲ ಅಂತ ಹ್ಯಾರಿ ಮಾರ್ಕೊಪೊಲೊಸ್ ಅನ್ನುವ ಹಣಕಾಸು ವಿಶ್ಲೇಷಕ 2000ದಿಂದಲೇ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಬರೆಯುತ್ತಿದ್ದ. ಬಂಧನ ಆಗಿದ್ದು 2008ರ ಡಿಸೆಂಬರ್‌ನಲ್ಲಿ. ನೋಡುವುದೇ ಕೆಲಸವಾಗಿದ್ದವರು ಕಣ್ಣು ಮುಚ್ಚಿದ್ದರು. ರಾಟೆಹಗ್ಗ ಹೇಳಿದ ಇನ್ಸ್‌ಪೆಕ್ಟರ್ ಎಲ್ಲ ಕಡೆ ಬರಲ್ಲ.

ಸೆಮಿಕೋಲನ್
ಅದು ನಿಜ. ನಮ್ಮ ಸಾಫ್ಟ್‌ವೇರ್ ಕಡೆಯ ಒಂದು ಘಟನೆ ಹೇಳುತ್ತೇನೆ. ಇದು ಎರಡೂ ಕಡೆಗೆ ಕತ್ತರಿಸುತ್ತದೆ.

ಎಕ್ಸ್‌ಝಡ್ ಅಂತ ಒಂದು ಚಿಕ್ಕ ತಂತ್ರಾಂಶ. ಫೈಲುಗಳನ್ನು ಕುಗ್ಗಿಸುವ ಕೆಲಸ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಇರುವ ಕಡೆಯಲ್ಲೆಲ್ಲ ಬಹುಮಟ್ಟಿಗೆ ಇರುತ್ತದೆ. ನೋಡಿಕೊಳ್ಳುತ್ತಿದ್ದದ್ದು ಒಬ್ಬರೇ, ಅದೂ ಬಿಡುವಿನಲ್ಲಿ. "ಜಿಯಾ ಟಾನ್" ಅನ್ನುವ ಹೆಸರಿನಲ್ಲಿ ಯಾರೋ ಬಂದರು. ಎರಡು ವರ್ಷಕ್ಕೂ ಮೇಲೆ ನಿಯತ್ತಾಗಿ ಕೆಲಸ ಮಾಡಿದರು. ತಪ್ಪು ತಿದ್ದಿದರು, ಸೌಜನ್ಯದಿಂದ ಉತ್ತರ ಕೊಟ್ಟರು. ಕೊನೆಗೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರ ಸಿಕ್ಕಿತು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲು ಇಟ್ಟರು.

ಅಲ್ಲಿ ಪುರಾವೆ ಬೇಕಾದಷ್ಟಿತ್ತು. ಎರಡು ವರ್ಷದ ಒಳ್ಳೆಯ ಕೆಲಸವೇ ಪುರಾವೆ. ಆ ಪುರಾವೆಯನ್ನೇ ಬೆಳೆಸಿದ್ದರು, ಮೋಸಕ್ಕೆ ಅಂತಲೇ. ಕೋಳಿಗೆ ಕಾಳು ಹಾಕಿದ್ದರು.

ಸಿಕ್ಕಿಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್ ಬೇರೆ ಏನೋ ವೇಗದ ಪರೀಕ್ಷೆ ಮಾಡುತ್ತಿದ್ದ. ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನ ಅನಿಸಿತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವನು ಬಿಡಲಿಲ್ಲ, ಕೆದಕಿದ.

ಕಪ್ಪುಹಲಗೆ
ನನ್ನ ಕೋಳಿಗೆ ಕೊನೆಗೂ ಗೌರವ ಸಿಕ್ಕಿತು.

ಸೆಮಿಕೋಲನ್
ಇನ್ನೂ ಕೆಟ್ಟ ಸುದ್ದಿ ಇದೆ. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ 1984ರಲ್ಲೇ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದ. ಕೋಡ್ ಅನ್ನು ಸಾಲು ಸಾಲಾಗಿ ಓದಿದರೂ ಸಾಲದು, ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಒಳಗೇ ಮೋಸ ಅಡಗಿರಬಹುದು. ನೀವೇ ಪೂರ್ತಿ ಬರೆಯದ ಕೋಡನ್ನು ಪೂರ್ತಿ ನಂಬಲು ಬರುವುದಿಲ್ಲ ಅಂದ. ಆದರೂ ನಾವೆಲ್ಲ ಬೆಳಗ್ಗೆ ಎದ್ದು ಕಂಪ್ಯೂಟರ್ ಹಾಕುತ್ತೇವೆ.

ಸುಮ್ನೆಬಂದೆ
ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಅಜ್ಜಿ ಕಂಪೈಲರ್ ಇಲ್ಲದೆಯೇ ಹೇಳುತ್ತಿದ್ದರು.

ರಾತ್ರಿಪಾಳಿ
ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ತಂಡದಲ್ಲಿದ್ದೇನೆ. "ಡಾಕ್ಟರನ್ನು ನಂಬುತ್ತೀಯಲ್ಲ" ಅನ್ನುವ ಉದಾಹರಣೆ ಬಂದಿದೆ, ಅದಕ್ಕೆ ಒಳಗಿನ ಮಾತು.

ಅರಿವಳಿಕೆ ಮೆದುಳಿನಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಬಾಸ್ಟನ್ನಿನಲ್ಲಿ ಮಾರ್ಟನ್ ಅನ್ನುವ ದಂತವೈದ್ಯ ಈಥರ್ ಕೊಟ್ಟು ಎಲ್ಲರ ಮುಂದೆ ತೋರಿಸಿದ್ದು 1846ರ ಅಕ್ಟೋಬರ್ 16. ಅಂದಿನಿಂದ ಕೊಡುತ್ತಲೇ ಇದ್ದೇವೆ. ಹಾಗಾಗಿ ಮೂರನೇಬೆಂಚು ಹೇಳಿದ "ಯಾಕೆ ಅಂತ ನನಗೆ ಗೊತ್ತು" ಇಲ್ಲಿ ನಡೆಯಲ್ಲ. ಯಾಕೆ ಅಂತ ನಮಗೇ ಪೂರ್ತಿ ಗೊತ್ತಿಲ್ಲ. ಕೆಲಸ ಮಾಡುತ್ತದೆ ಅಂತ ಗೊತ್ತು, ಎಷ್ಟು ಕೊಟ್ಟರೆ ಏನಾಗುತ್ತದೆ ಅಂತ ಗೊತ್ತು, ಎಲ್ಲಿ ಕೆಡಬಹುದು ಅಂತ ಗೊತ್ತು. ಈ ಮೂರೂ ಪುರಾವೆಯೇ.

ಬೆರಳಿಗೆ ಒಂದು ಕ್ಲಿಪ್ ಹಾಕುತ್ತೇವೆ, ನೋಡಿರುತ್ತೀರಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುತ್ತದೆ. ಅದರ ಬೀಪ್ ಸದ್ದು ಒಂದೇ ಥರ ಇರುವುದಿಲ್ಲ. ಆಮ್ಲಜನಕ ಇಳಿದರೆ ಸ್ವರವೂ ಇಳಿಯುತ್ತದೆ. ಬೆನ್ನು ತಿರುಗಿಸಿ ಔಷಧಿ ತುಂಬುತ್ತಿದ್ದರೂ ಆ ಇಳಿಯುವ ಸ್ವರ ಕಿವಿಗೆ ಬಿದ್ದರೆ ಕೈ ನಿಲ್ಲುತ್ತದೆ. ರೋಗಿ ನನ್ನನ್ನು ನಂಬಿ ಮಲಗಿರುತ್ತಾರೆ. ನಾನು ಮಾತ್ರ ಯಂತ್ರವನ್ನೂ ನಂಬಲ್ಲ, ಸಿಲಿಂಡರನ್ನೂ ನಂಬಲ್ಲ, ನನ್ನ ನೆನಪನ್ನಂತೂ ನಂಬುವುದೇ ಇಲ್ಲ. ಅದಕ್ಕೇ ಎಲ್ಲರ ಮುಂದೆ ರೋಗಿಯ ಹೆಸರು, ಯಾವ ಆಪರೇಷನ್, ಎಡವೋ ಬಲವೋ ಅಂತ ಜೋರಾಗಿ ಓದುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಪಟ್ಟಿ ಅದು. ವಿಮಾನದವರಿಂದ ಕಲಿತ ಬುದ್ಧಿ. 1935ರಲ್ಲಿ ಬೋಯಿಂಗಿನ ಹೊಸ ವಿಮಾನವೊಂದು ಪರೀಕ್ಷಾ ಹಾರಾಟದಲ್ಲೇ ಬಿತ್ತು. ನಿಂತಾಗ ಹಾಕುವ ಲಾಕ್ ಬಿಡಿಸಲು ಮರೆತಿದ್ದರು. ಚೆಕ್‌ಲಿಸ್ಟ್ ಬಂದದ್ದು ಅದಾದ ಮೇಲೆ.

ನನ್ನ ಅನಿಸಿಕೆ ಇಷ್ಟೇ: ರೋಗಿ ನಿಶ್ಚಿಂತೆಯಿಂದ ಮಲಗಬಹುದು, ಯಾಕೆಂದರೆ ಪಕ್ಕದಲ್ಲಿ ನಿಂತವರು ನಿಶ್ಚಿಂತೆಯಿಂದ ಇಲ್ಲ.

ರಾಟೆಹಗ್ಗ
ಇದನ್ನೇ ನಾನು ಹೇಳಬೇಕು ಅಂದುಕೊಂಡಿದ್ದು. ಇಷ್ಟು ಚೆನ್ನಾಗಿ ಬರಲಿಲ್ಲ.

ಅರ್ಧಚಂದ್ರ
ಹಾಗಾದರೆ ನಂಬಿಕೆ ನನ್ನೊಬ್ಬನ ತಲೆಯೊಳಗೆ ಇಲ್ಲ. ನಾನು ಹೊರಗಿಂದ ನೋಡುವುದು ಬರೀ ನಂಬಿಕೆ. ಒಳಗೆ ಹೋದರೆ ಬರೀ ಸಂಶಯ. ಪುರಾವೆ ಇಲ್ಲ ಅಂತಲ್ಲ, ಪುರಾವೆ ನನ್ನ ಜೇಬಿನಲ್ಲಿ ಇಲ್ಲ. ಅವರಿಗೆ ಇದನ್ನು ಹೇಳಿ ನೋಡುತ್ತೇನೆ.

ಉಪ್ಪುನೀರು
ಎಲ್ಲರೂ ಒಪ್ಪುತ್ತಿದ್ದೀರಿ ಅಂತ ಒಂದು ಕಡ್ಡಿ ಅಲ್ಲಾಡಿಸುತ್ತೇನೆ. ಥಾಲಿಡೊಮೈಡ್ ಅನ್ನುವ ಮಾತ್ರೆ ನೆನಪಿದೆಯಾ? 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಸೇಫ್ ಅಂತಲೇ ಮಾರಿದರು. ಗರ್ಭಿಣಿಯರು ನುಂಗಿದರು. 1961ರ ಕೊನೆಗೆ ವಾಪಸ್ ತೆಗೆದುಕೊಂಡರು, ಆದರೆ ಅದರಿಂದ ಜಗತ್ತಿನಾದ್ಯಂತ ಒಟ್ಟು 10,000ಕ್ಕೂ ಹೆಚ್ಚು ಮಕ್ಕಳು ಅಂಗಗಳು ಸರಿಯಾಗಿ ಬೆಳೆಯದೆ ಹುಟ್ಟಿದವು. ಆ ತಾಯಂದಿರು "ಪುರಾವೆ ಬೇರೆಯವರ ಜೇಬಿನಲ್ಲಿದೆ" ಅಂತಲೇ ನಂಬಿದ್ದರು. ಜೇಬು ಖಾಲಿ ಇತ್ತು.

ರಾತ್ರಿಪಾಳಿ
ಅದೇ ಕಥೆಯ ಇನ್ನರ್ಧ: ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಅನ್ನುವ ಅಧಿಕಾರಿ ಒಪ್ಪಿಗೆ ಕೊಡಲಿಲ್ಲ. ಕಂಪನಿ ಒತ್ತಡ ಹಾಕಿದರೂ "ಇನ್ನಷ್ಟು ದಾಖಲೆ ತನ್ನಿ" ಅಂತ ಕೂತರು. 1962ರಲ್ಲಿ ಕಾನೂನೇ ಬದಲಾಯಿತು, ಔಷಧಿ ಕೆಲಸ ಮಾಡುತ್ತದೆ ಅಂತ ಮೊದಲೇ ತೋರಿಸಬೇಕು ಅಂತಾಯಿತು. ಜೇಬು ಖಾಲಿ ಅಂತ ಗೊತ್ತಾದ ಮೇಲೆ ಜೇಬನ್ನೇ ಹೊಲಿದರು. ಲಿಫ್ಟ್ ವಾದದಲ್ಲಿ ಈ ಭಾಗ ಯಾವಾಗಲೂ ಕಾಣೆ.

ಉಪ್ಪುನೀರು
ಹೊಲಿದದ್ದು ಮಕ್ಕಳು ಹುಟ್ಟಿದ ಮೇಲೆ.

ರಾತ್ರಿಪಾಳಿ
ಹೌದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗುಬ್ಬಚ್ಚಿ
ನನಗೆ ಮೊದಲಿಂದಲೂ ಕೊರೆಯುತ್ತಿರುವುದು ಬೇರೆ. ಲಿಫ್ಟನ್ನೂ ಮನುಷ್ಯರನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ಲಿಫ್ಟ್ ನಿಂತರೆ ಬೇಜಾರಾಗುತ್ತದೆ. ಗೆಳತಿ ಗುಟ್ಟು ಬಿಟ್ಟುಕೊಟ್ಟರೆ ಎದೆ ಒಡೆಯುತ್ತದೆ. ಆನೆಟ್ ಬೇಯರ್ ಅನ್ನುವ ತತ್ವಶಾಸ್ತ್ರಜ್ಞೆ 1986ರಲ್ಲಿ ಇದನ್ನು ಬರೆದರು. ತತ್ವಜ್ಞಾನಿ ಕಾಂಟ್ ದಿನಾ ಒಂದೇ ಹೊತ್ತಿಗೆ ವಾಕಿಂಗ್ ಹೊರಡುತ್ತಿದ್ದನಂತೆ, ಅಕ್ಕಪಕ್ಕದವರಿಗೆ ಅವನೇ ಗಡಿಯಾರ. ಅವನು ಒಂದು ದಿನ ಮಲಗಿಬಿಟ್ಟರೆ ಅವರಿಗೆ ನಿರಾಸೆ ಆಗಬಹುದು, ದ್ರೋಹ ಮಾಡಿದ ಅಂತ ಯಾರೂ ಅಳುವುದಿಲ್ಲ. ಲಿಫ್ಟಿಗೆ ದ್ರೋಹ ಮಾಡಲು ಬರುವುದಿಲ್ಲ. ಪುರಾವೆ ಲೆಕ್ಕ ಲಿಫ್ಟಿಗೆ ಸರಿ. ಗೆಳತಿಗೆ ಸರಿ ಹೋಗುತ್ತಾ?

ಮೂರನೇಬೆಂಚು
ಯಾಕೆ ಹೋಗಲ್ಲ? ಹಿಂದಿನ ನಡತೆ ನೋಡಿಯೇ ಗೆಳೆತನ. ಮೂರು ನಾಲ್ಕು ವರ್ಷದ ಮಕ್ಕಳೂ ವಸ್ತುಗಳ ಹೆಸರು ತಪ್ಪಾಗಿ ಹೇಳಿದವರನ್ನು ಬಿಟ್ಟು ಸರಿಯಾಗಿ ಹೇಳಿದವರ ಮಾತನ್ನೇ ನೆಚ್ಚಿಕೊಳ್ಳುತ್ತವೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಮಕ್ಕಳೇ ಲೆಕ್ಕ ಇಡುತ್ತವೆ ಸ್ವಾಮಿ.

ಅಂಚೆಪೆಟ್ಟಿಗೆ
ಇಲ್ಲಿ ಒಂದು ಅನುಭವ. ನನ್ನ ಗೆಳತಿಗೆ ಮದುವೆ ಗೊತ್ತಾಗಿತ್ತು. ಹುಡುಗ "ನಂಬಿಕೆ ಇಲ್ಲ ಅಂತಲ್ಲ, ಸುಮ್ನೆ ಸಮಾಧಾನಕ್ಕೆ" ಅಂತ ಹೇಳಿ ಇವಳ ಫೋನಿನಲ್ಲಿ ಲೊಕೇಶನ್ ಶೇರ್ ಹಾಕಿಸಿದ. ಅವಳೂ ಹಾಕಿದಳು, ಮುಚ್ಚಿಡುವುದೇನಿದೆ ಅಂತ. ಮೊದಲು ಅವನಿಗೆ ನಿಜವಾಗಿ ಸಮಾಧಾನ ಆಯಿತು. ಆಮೇಲೆ ಚುಕ್ಕೆ ಒಂದೇ ಕಡೆ ನಿಂತರೆ "ಅಲ್ಲೇನು ಇಷ್ಟು ಹೊತ್ತು?" ಒಂದು ಸಂಜೆ ಬ್ಯಾಟರಿ ಸತ್ತಿತು. ಚುಕ್ಕೆ ಮಾಯ. ಮನೆಗೆ ಬಂದು ಚಾರ್ಜ್‌ಗೆ ಹಾಕಿದ ಕೂಡಲೇ ಮೆಸೇಜುಗಳ ಸುರಿಮಳೆ. ಕೊನೆಯದು: "ಬೇಕೆಂದೇ ಆಫ್ ಮಾಡಿದ್ದೀಯ."

ಲೊಕೇಶನ್ ಇಲ್ಲದ ಕಾಲದಲ್ಲಿ ಅವಳು ಫೋನ್ ಎತ್ತದಿದ್ದರೆ ಅವನು ಕೆಲಸದಲ್ಲಿರಬೇಕು ಅಂದುಕೊಳ್ಳುತ್ತಿದ್ದ. ಪುರಾವೆ ಕೊಡಲು ಶುರು ಮಾಡಿದ ಮೇಲೆ ಪುರಾವೆ ಇಲ್ಲದ ಪ್ರತಿ ನಿಮಿಷವೂ ಅಪರಾಧದ ಪುರಾವೆ ಆಯಿತು. ಮದುವೆ ಆಗಲಿಲ್ಲ. ಒಳ್ಳೆಯದೇ ಆಯಿತು.

ದೀಪದಕೆಳಗೆ
ಅಬ್ಬಾ. ಇದು ನಾನು ಹೇಳಲು ಒದ್ದಾಡುತ್ತಿದ್ದ ಮಾತು.

ಹಳೆಓಲೆ
1877ರಲ್ಲಿ ಕ್ಲಿಫರ್ಡ್ ಅನ್ನುವ ಗಣಿತಜ್ಞ ಸಾಕಷ್ಟು ಆಧಾರ ಇಲ್ಲದೆ ಏನನ್ನು ನಂಬುವುದೂ ತಪ್ಪು, ಯಾರಿಗೇ ಆಗಲಿ, ಎಲ್ಲೇ ಆಗಲಿ ಅಂದ. ಅವನ ಉದಾಹರಣೆ: ಹಳೇ ಹಡಗಿನ ಯಜಮಾನ ಒಬ್ಬ ರಿಪೇರಿ ಖರ್ಚಿಗೆ ಹೆದರಿ, ಏನೂ ಆಗಲ್ಲ ಅಂತ ತನ್ನನ್ನೇ ಒಪ್ಪಿಸಿಕೊಂಡು ಜನರನ್ನು ಕಳಿಸಿದ. ಹಡಗು ಮುಳುಗಿತು. ಅವನ ನಂಬಿಕೆ ಪ್ರಾಮಾಣಿಕವೇ, ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಅನ್ನುವುದು ಕ್ಲಿಫರ್ಡ್ ವಾದ. 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ತಿರುಗಿ ಕೇಳಿದ: ಮೊದಲು ಪುರಾವೆ ಕೊಡು, ಆಮೇಲೆ ಪ್ರೀತಿ ಅನ್ನುವವನಿಗೆ ಗೆಳೆತನ ಹುಟ್ಟುವುದಾದರೂ ಹೇಗೆ? ಕೆಲವು ವಿಷಯದಲ್ಲಿ ಮೊದಲು ನಂಬಿದರೇನೇ ಪುರಾವೆ ಹುಟ್ಟುತ್ತದೆ. ರಾಟೆಹಗ್ಗ ಕ್ಲಿಫರ್ಡ್ ಪಕ್ಷ, ಅಂಚೆಪೆಟ್ಟಿಗೆ ಜೇಮ್ಸ್ ಪಕ್ಷ.

ಸೆಮಿಕೋಲನ್
ಜೇಮ್ಸ್‌ಗೆ ಕಂಪ್ಯೂಟರ್ ಸಾಕ್ಷಿಯೂ ಇದೆ. 1980ರ ಸುಮಾರಿಗೆ ರಾಬರ್ಟ್ ಆಕ್ಸಲ್‌ರಾಡ್ ಅನ್ನುವ ರಾಜ್ಯಶಾಸ್ತ್ರಜ್ಞ ಕಂಪ್ಯೂಟರ್ ಪ್ರೋಗ್ರಾಂಗಳ ಪಂದ್ಯ ಇಟ್ಟ. ಪ್ರತಿ ಸುತ್ತಿನಲ್ಲೂ ಸಹಕಾರ ಅಥವಾ ಮೋಸ, ಎರಡೇ ಆಯ್ಕೆ. ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳಿಸಿದ ಪುಟಾಣಿ ಪ್ರೋಗ್ರಾಂ. ಮೊದಲ ಸುತ್ತಿನಲ್ಲಿ ಸಹಕಾರ. ಆಮೇಲೆ ಎದುರಾಳಿ ಹೋದ ಸಲ ಮಾಡಿದ್ದನ್ನೇ ತಾನೂ ಮಾಡುವುದು. ಗಮನಿಸಿ, ಮೊದಲ ಸುತ್ತಿನಲ್ಲಿ ಅದಕ್ಕೆ ಏನೇನೂ ಮಾಹಿತಿ ಇಲ್ಲ. ಆದರೂ ಕೈ ಚಾಚುತ್ತದೆ.

ಕಪ್ಪುಹಲಗೆ
ಆ ಪಂದ್ಯದಲ್ಲಿ ಗೆದ್ದಿತು, ಎಲ್ಲ ಪಂದ್ಯದಲ್ಲೂ ಅಲ್ಲ. ನಡುವೆ ಒಂದು ಸಂದೇಶ ತಪ್ಪಾಗಿ ತಲುಪಿದರೆ ಅಂಥ ಎರಡು ಪ್ರೋಗ್ರಾಂಗಳು ಒಂದಕ್ಕೊಂದು ಸೇಡು ತೀರಿಸಿಕೊಳ್ಳುತ್ತಾ ಕೂರುತ್ತವೆ. ಬ್ಯಾಟರಿ ಸತ್ತ ಫೋನ್ ಅದೇ. ಅಲ್ಲಿ ಸ್ವಲ್ಪ ಕ್ಷಮಿಸುವ ಗುಣ ಇರುವ ಪ್ರೋಗ್ರಾಂ ಮೇಲು.

ಮೂರನೇಬೆಂಚು
ಸರಿ, ಮೊದಲ ಹೆಜ್ಜೆ ಪುರಾವೆ ಇಲ್ಲದೆ. ಎರಡನೆಯದರಿಂದ ಲೆಕ್ಕ ಶುರು. ಅದನ್ನು ಜೀವಮಾನದ ಭಕ್ತಿಗೆ ಸಮ ಅನ್ನುವುದು ಅತಿ ಆಯಿತು.

ದೀಪದಕೆಳಗೆ
ಜೀವಮಾನ ಪೂರ್ತಿ ಲೆಕ್ಕ ಇಡುವವರನ್ನು ನಾನು ಗೆಳೆಯರು ಅನ್ನಲ್ಲ, ಅಕೌಂಟೆಂಟ್ ಅನ್ನುತ್ತೇನೆ.

ಸುಮ್ನೆಬಂದೆ
ಅಕೌಂಟೆಂಟ್ ಒಬ್ಬ ಇದನ್ನು ಓದುತ್ತಿದ್ದಾನೆ. ನೋವಾಯಿತು.

ರಾಟೆಹಗ್ಗ
ಯಾರೋ ಖಾಸಗಿಯಾಗಿ ಕೇಳಿದ್ದರು, ಲಿಫ್ಟ್ ನಿಜವಾಗಿಯೂ ಬಿದ್ದಿದೆಯಾ ಅಂತ. 1945ರ ಜುಲೈನಲ್ಲಿ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಾಂಬರ್ ವಿಮಾನ ಗುದ್ದಿತು. ಹಗ್ಗಗಳು ತುಂಡಾದವು, ಗವರ್ನರಿನ ಹಗ್ಗವೂ ಹೋಯಿತು. ಒಳಗಿದ್ದ ಲಿಫ್ಟ್ ನಡೆಸುವ ಹೆಂಗಸು 75 ಮಹಡಿ ಬಿದ್ದು ಬದುಕಿದಳು. ಇನ್ನೊಂದು ವಿಷಯ: ಕ್ಯಾಬಿನ್ ಖಾಲಿ ಇದ್ದಾಗ ಹಗ್ಗದ ಇನ್ನೊಂದು ತುದಿಗೆ ಕಟ್ಟಿರುವ ಎದುರುಭಾರವೇ ಜಾಸ್ತಿ ತೂಗುತ್ತದೆ. ಬ್ರೇಕ್ ಹೋದರೆ ಲಿಫ್ಟ್ ಬೀಳುವುದು ಕೆಳಕ್ಕಲ್ಲ, ಮೇಲಕ್ಕೆ.

ಗುಬ್ಬಚ್ಚಿ
ಮೇಲಕ್ಕೆ ಬೀಳುವುದಾ! ಇದನ್ನು ಹೇಳದೆ ಇದ್ದರೆ ಚೆನ್ನಾಗಿತ್ತು.

ಹೋಗಲಿ, ರಾತ್ರಿಪಾಳಿ ಅವರಿಗೆ ಪ್ರಶ್ನೆ. ನಮ್ಮ ಮನೆಯಲ್ಲಿ ಒಬ್ಬರಿಗೆ ಇಬ್ಬರು ಡಾಕ್ಟರ್ ಎರಡು ಥರ ಹೇಳಿದ್ದಾರೆ. ಒಬ್ಬರು ಆಪರೇಷನ್ ಬೇಕು ಅಂತ, ಇನ್ನೊಬ್ಬರು ಕಾಯೋಣ ಅಂತ. ಇಬ್ಬರೂ ಆಪ್ತರೇ, ಇಬ್ಬರಿಗೂ ಸುಳ್ಳು ಹೇಳುವ ಕಾರಣ ಇಲ್ಲ. ನನ್ನ ಜೇಬಿನಲ್ಲಿ ಪುರಾವೆ ಇಲ್ಲ. ಯಾರನ್ನು ನಂಬಬೇಕು?

ರಾತ್ರಿಪಾಳಿ
ನೋಡದೆ ರೋಗದ ಬಗ್ಗೆ ಹೇಳಲ್ಲ. ಇಬ್ಬರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ. ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಕಾದರೆ ಯಾವ ಲಕ್ಷಣ ಕಂಡಾಗ ಕಾಯುವುದು ನಿಲ್ಲಿಸಬೇಕು? ನೀವು ಇಂಥದ್ದು ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ತೊಂದರೆ ಆಯಿತು? ಬರೆದುಕೊಳ್ಳಿ.

ಉಪ್ಪುನೀರು
ಚೆನ್ನಾಗಿ ಮಾತಾಡುವ ಡಾಕ್ಟರ್ ಗೆಲ್ಲುತ್ತಾನೆ ಅಷ್ಟೇ. ಮೇಡಾಫ್‌ನೂ ಚೆನ್ನಾಗಿ ಮಾತಾಡುತ್ತಿದ್ದ.

ರಾತ್ರಿಪಾಳಿ
ಅದಕ್ಕೇ ಸಂಖ್ಯೆ ಕೇಳಿ ಅಂದದ್ದು. ತೊಂದರೆ ಒಂದೂ ಆಗಿಲ್ಲ ಅಂತ ಹೇಳುವವರನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಕೇಳಿದ್ದಕ್ಕೆ ಸಿಟ್ಟಾಗುವವರನ್ನು ಎರಡನೆಯದಾಗಿ. ಇಬ್ಬರೂ ಉಳಿದರೆ ಮೂರನೆಯವರಿಗೆ ತೋರಿಸಿ. ಹಳೇ ಸ್ಕ್ಯಾನ್‌ಗಳನ್ನು ತೆಗೆದುಕೊಂಡು ಹೋಗಿ, ರಿಪೋರ್ಟ್ ಕಾಗದ ಮಾತ್ರ ಅಲ್ಲ, ಚಿತ್ರಗಳನ್ನೇ.